ಮೊದಲು ಭಾನುವಾರ ರಾತ್ರಿಯ ರೈಲು ನೋಡಿ: ಜರ್ಮನಿಯಲ್ಲಿ ಓದುವವರ ವಾರಾಂತ್ಯದ ತಿರುಗಾಟ

ಪ್ರತಿ ಅಕ್ಟೋಬರ್‌ನಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುತ್ತದೆ. ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿಯಿಂದ ಹೊಸ ಹುಡುಗ ಹುಡುಗಿಯರು ಬಂದಿಳಿಯುತ್ತಾರೆ. ರೂಮು, ಬ್ಯಾಂಕ್ ಖಾತೆ, ವಿಳಾಸದ ನೋಂದಣಿ ಎಲ್ಲ ಮುಗಿದ ಮೇಲೆ ಅವರೆಲ್ಲ ಕೇಳುವುದು ಒಂದೇ ಮಾತು. "ಶನಿವಾರ, ಭಾನುವಾರ ಎಲ್ಲಿಗೆ ಹೋಗಬಹುದು? ದುಡ್ಡು ಎಷ್ಟು ಬೇಕು? ಪಕ್ಕದ ದೇಶಕ್ಕೆ ಹೋದರೆ ಬೇರೆ ವೀಸಾ ಬೇಕಾ?" ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ಓದಿದ್ದು ಮ್ಯೂನಿಕ್‌ನಲ್ಲಿ. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಆ ಕಡೆಯವೇ. ನೀವು ಆಖೆನ್‌ನಲ್ಲೋ ಡ್ರೆಸ್ಡೆನ್‌ನಲ್ಲೋ ಇದ್ದರೆ ಊರಿನ ಹೆಸರು ಬದಲಿಸಿಕೊಂಡು ಓದಿ. ಮಾಡಬೇಕಾದ ಕೆಲಸ ಎಲ್ಲ ಕಡೆ ಒಂದೇ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಾವೆಲ್ಲ ಹೋಗುವ ದಾರಿಯನ್ನು ಉತ್ಸಾಹದಿಂದ ಹುಡುಕುತ್ತೇವೆ, ಬರುವ ದಾರಿಯನ್ನು ಆಮೇಲೆ ನೋಡಿದರಾಯಿತು ಅಂತ ಬಿಡುತ್ತೇವೆ. ಇಲ್ಲಿ ಅದನ್ನು ತಿರುಗಿಸಿ. ಮೊದಲು ಭಾನುವಾರ ರಾತ್ರಿ ನಿಮ್ಮ ರೂಮಿಗೆ ಮುಟ್ಟಿಸುವ ರೈಲು ಯಾವುದು ಅಂತ ಗೊತ್ತುಮಾಡಿಕೊಳ್ಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ.

ಜೊತೆಗೆ ಇರಬೇಕಾದದ್ದು

ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್, ವಿದ್ಯಾರ್ಥಿ ಗುರುತಿನ ಚೀಟಿ, ಆರೋಗ್ಯ ವಿಮೆಯ ಕಾರ್ಡ್, ಬ್ಯಾಂಕ್ ಕಾರ್ಡ್, ಒಂದು 30–40 ಯೂರೋ ನಗದು. ಫೋನಿನಲ್ಲಿ ಡಿಬಿ ನ್ಯಾವಿಗೇಟರ್ ಆ್ಯಪ್. ಇದು ಜರ್ಮನ್ ರೈಲ್ವೆಯದ್ದು, ರೈಲು ತಡವಾದರೆ ಅದರಲ್ಲೇ ಗೊತ್ತಾಗುತ್ತದೆ. ಪವರ್ ಬ್ಯಾಂಕ್ ಮರೆಯಬೇಡಿ. ಟಿಕೆಟ್ ಫೋನಿನಲ್ಲಿದ್ದು ಫೋನ್ ಆಫ್ ಆದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ.

1. ಕಾಗದಪತ್ರ ನೋಡಿಕೊಳ್ಳಿ

ಜರ್ಮನಿಯ ವಾಸದ ಪರವಾನಗಿ ಇದ್ದರೆ, ಅಥವಾ ನೀವು ಬಂದ ಡಿ ವೀಸಾ (ಓದು, ಕೆಲಸದಂಥ ದೀರ್ಘ ವಾಸಕ್ಕೆ ಕೊಡುವ ವೀಸಾ) ಇನ್ನೂ ಚಾಲ್ತಿಯಲ್ಲಿದ್ದರೆ, ಉಳಿದ ಶೆಂಗೆನ್ ದೇಶಗಳಿಗೆ ಬೇರೆ ವೀಸಾ ಬೇಡ. ಶೆಂಗೆನ್ ಅಂದರೆ ತಮ್ಮ ತಮ್ಮ ನಡುವೆ ಗಡಿ ತಪಾಸಣೆ ಕೈಬಿಡಲು ಒಪ್ಪಿಕೊಂಡ 29 ದೇಶಗಳ ಕೂಟ. ಆ ದೇಶಗಳಲ್ಲಿ ಎಲ್ಲ ಸೇರಿ ಯಾವುದೇ 180 ದಿನಗಳಲ್ಲಿ 90 ದಿನ ತಿರುಗಾಡಬಹುದು. ವಾರಾಂತ್ಯಕ್ಕೆ ಅದು ಬೇಕಾದಷ್ಟಾಯಿತು.

ಇಲ್ಲಿ ಹುಡುಗರು ಎಡವುವ ಜಾಗಗಳು ಮೂರು.

ಒಂದು, ಯುರೋಪಿಯನ್ ಯೂನಿಯನ್ ಬೇರೆ, ಶೆಂಗೆನ್ ಬೇರೆ. ಸ್ವಿಟ್ಜರ್‌ಲೆಂಡ್ ಯೂನಿಯನ್‌ನಲ್ಲಿಲ್ಲ, ಆದರೆ ಶೆಂಗೆನ್‌ನಲ್ಲಿದೆ, ಹೋಗಬಹುದು. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಶೆಂಗೆನ್‌ನಲ್ಲಿಲ್ಲ. ಬೇರೆ ವೀಸಾ ಬೇಕು. ಲಂಡನ್‌ಗೂ ಬೇರೆ ವೀಸಾ ಬೇಕು. ಕ್ರೊಯೇಷಿಯಾ 2023ರಲ್ಲಿ ಸೇರಿತು. ರೊಮೇನಿಯಾ, ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿಯಾಗಿ ಒಳಗಿವೆ. ಹಳೆಯ ಪಟ್ಟಿ ನೋಡಿ ತೀರ್ಮಾನ ಮಾಡಬೇಡಿ.

ಎರಡು, ವೀಸಾ ಮುಗಿದು ಕಾರ್ಡ್ ಇನ್ನೂ ಕೈಗೆ ಬಾರದ ನಡುವಿನ ದಿನಗಳು. ಆಗ ಔಸ್‌ಲೆಂಡರ್‌ಬೆಹ್ಯೋರ್ಡೆ, ಅಂದರೆ ವಿದೇಶಿಯರ ಕಚೇರಿ, ಒಂದು ತಾತ್ಕಾಲಿಕ ಪತ್ರ ಕೊಡುತ್ತದೆ. ಅದಕ್ಕೆ ಫಿಕ್ಶಿಯೋನ್ಸ್‌ಬೆಶೈನಿಗುಂಗ್ ಅಂತ ಹೆಸರು. ಜರ್ಮನಿಯಲ್ಲಿ ಇರಲು ಅದು ಸಾಕು. ಆದರೆ ಅದನ್ನು ನಂಬಿಕೊಂಡು ಸುಮ್ನೆ ಗಡಿ ದಾಟಬೇಡಿ. "ಇದರ ಮೇಲೆ ಹೊರಗೆ ಹೋಗಿ ವಾಪಸ್ ಬರಬಹುದಾ?" ಅಂತ ಅದೇ ಕಚೇರಿಗೆ ಇಮೇಲ್ ಮಾಡಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಉತ್ತರ ಬರುವ ತನಕ ಜರ್ಮನಿಯೊಳಗೇ ಸುತ್ತಿ. ನೋಡಲು ಏನೂ ಕಮ್ಮಿ ಇಲ್ಲ.

ಮೂರು, ಪಾಸ್‌ಪೋರ್ಟ್ ರೂಮಿನಲ್ಲೇ ಬಿಟ್ಟು ಹೋಗುವುದು. ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅನ್ನುವುದು ಹಳೆಯ ಮಾತು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್‌ಗೆ ಬರುವಾಗ ಗಡಿ ದಾಟಿ ಸಿಗುವ ಫ್ರೈಲಾಸಿಂಗ್ ನಿಲ್ದಾಣದಲ್ಲಿ ಪೊಲೀಸರು ರೈಲಿನೊಳಗೆ ಬಂದು ಒಂದೊಂದು ಸೀಟಿನ ಹತ್ತಿರವೂ ನಿಲ್ಲುವುದನ್ನು ನಾನೇ ನೋಡಿದ್ದೇನೆ. ವಾಸದ ಕಾರ್ಡ್ ಒಂದೇ ಸಾಲದು, ಪಾಸ್‌ಪೋರ್ಟ್ ಒಂದೇ ಕೂಡ ಸಾಲದು. ಎರಡೂ ಬೇಕು, ಎರಡೂ ಅಸಲಿ ಬೇಕು. ಫೋನಿನಲ್ಲಿರುವ ಫೋಟೋ ಕಳೆದುಹೋದಾಗ ಉಪಯೋಗಕ್ಕೆ ಬರುತ್ತದೆ, ತಪಾಸಣೆಗಲ್ಲ.

2. ನಿಮ್ಮ ಟಿಕೆಟ್ ಯಾವ ರೈಲಿಗೆ ನಡೆಯುತ್ತದೆ?

ಡಾಯ್ಚ್‌ಲಾಂಡ್ ಟಿಕೆಟ್ ಅಂದರೆ ದೇಶದ ಎಲ್ಲ ಲೋಕಲ್ ರೈಲು, ಮೆಟ್ರೋ, ಟ್ರಾಮ್, ಊರ ಬಸ್ಸುಗಳಿಗೆ ಸೇರಿ ಒಂದೇ ತಿಂಗಳ ಪಾಸ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಇದೇ ಪಾಸು ಸೆಮಿಸ್ಟರ್ ಲೆಕ್ಕದಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಕೆಲವು ಕಡೆ ಅದು ಸೆಮಿಸ್ಟರ್ ಶುಲ್ಕದಲ್ಲೇ ಸೇರಿರುತ್ತದೆ, ಕೆಲವು ಕಡೆ ನೀವೇ ಕೊಳ್ಳಬೇಕು. ಮೊದಲು ನಿಮ್ಮಲ್ಲಿ ಯಾವ ರೀತಿ ಅಂತ ವಿಚಾರಿಸಿ. ಎರಡೆರಡು ಪಾಸಿಗೆ ದುಡ್ಡು ಕಟ್ಟಿದವರಿದ್ದಾರೆ.

ಪಾಸಿನಲ್ಲಿ ಹತ್ತಬಹುದಾದದ್ದು ಆರ್‌ಇ, ಆರ್‌ಬಿ, ಎಸ್-ಬಾನ್ ಅನ್ನುವ ಲೋಕಲ್ ರೈಲುಗಳು. ಹತ್ತಬಾರದ್ದು ಐಸಿಇ, ಐಸಿ, ಇಸಿ, ಫ್ಲಿಕ್ಸ್ ಅನ್ನುವ ದೂರದ ವೇಗದ ರೈಲುಗಳು. ಆ್ಯಪ್‌ನಲ್ಲಿ ಹುಡುಕುವಾಗ ಲೋಕಲ್ ರೈಲು ಮಾತ್ರ ತೋರಿಸು ಅನ್ನುವ ಆಯ್ಕೆಯನ್ನು ಒತ್ತಿಟ್ಟುಕೊಳ್ಳಿ. ಇಲ್ಲದಿದ್ದರೆ ಅದು ವೇಗದ ರೈಲನ್ನೇ ಮೊದಲು ತೋರಿಸುತ್ತದೆ, ನೀವು ನಿಮ್ಮ ಪಾಸಿನಲ್ಲೇ ಹೋಗಬಹುದು ಅಂದುಕೊಳ್ಳುತ್ತೀರಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಕನಿಷ್ಠ 60 ಯೂರೋ. ಗೊತ್ತಿರಲಿಲ್ಲ ಅಂದರೆ ಯಾರೂ ಬಿಡುವುದಿಲ್ಲ.

ತಿಂಗಳ ಪಾಸನ್ನು ನೀವೇ ಕೊಂಡಿದ್ದರೆ ಅದು ಆಬೋ, ಅಂದರೆ ಬೇಡ ಅನ್ನುವ ತನಕ ಪ್ರತಿ ತಿಂಗಳು ತಾನಾಗಿ ಮುಂದುವರಿಯುವ ಚಂದಾ. ಈ ತಿಂಗಳ ಕೊನೆಗೆ ನಿಲ್ಲಿಸಬೇಕಿದ್ದರೆ 10ನೇ ತಾರೀಖಿನೊಳಗೆ ತಿಳಿಸಬೇಕು. ಬೇಸಿಗೆ ರಜೆಗೆ ಊರಿಗೆ ಬರುವವರು ಇದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಪಾಸಿನಲ್ಲಿ ನಿಮ್ಮ ಹೆಸರಿರುತ್ತದೆ. ಗೆಳೆಯನಿಗೆ ಕೊಡುವ ಹಾಗಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ಏನು ಮಾಡುವುದು? ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಬಯರ್ನ್ ಟಿಕೆಟ್ ಅಂತ ಒಂದು ದಿನದ ಟಿಕೆಟ್ ಇದೆ. ಐದು ಜನರ ತನಕ ಒಂದೇ ಟಿಕೆಟ್ಟಿನಲ್ಲಿ ಸೇರಿಸಬಹುದು. ಶನಿವಾರ, ಭಾನುವಾರ ನಡುರಾತ್ರಿಯಿಂದ ಮಾರನೆಯ ದಿನ ಬೆಳಗಿನ ಜಾವ 3ರ ತನಕ ನಡೆಯುತ್ತದೆ. ವಾರದ ದಿನಗಳಲ್ಲಿ ಮಾತ್ರ ಬೆಳಗ್ಗೆ 9ರ ಮೇಲೆ. ಬೇರೆ ರಾಜ್ಯಗಳಲ್ಲೂ ಇಂಥದ್ದೇ ಟಿಕೆಟ್‌ಗಳಿವೆ.

3. ಊರು ಆರಿಸಿ

ಒಂದೇ ದಿನದಲ್ಲಿ ಹೋಗಿ ಬರುವುದಾದರೆ ಒಂದು ಕಡೆಗೆ ಮೂರು ಗಂಟೆ ಮೀರಬಾರದು. ಇದು ನನ್ನ ಲೆಕ್ಕ, ಇಷ್ಟು ವರ್ಷದಲ್ಲಿ ಸರಿಯಾಗೇ ನಡೆದಿದೆ. ಲೋಕಲ್ ರೈಲಿನಲ್ಲಿ ಮ್ಯೂನಿಕ್‌ನಿಂದ ಬರ್ಲಿನ್‌ಗೆ ಹೋಗಬಹುದು ನಿಜ. ಆದರೆ ಒಂದು ಇಡೀ ದಿನ ರೈಲಿನಲ್ಲೇ ಕಳೆದುಹೋಗುತ್ತದೆ. ಪಾಸಿದೆ ಅಂತ ಮೊದಲ ವಾರವೇ ಬರ್ಲಿನ್‌ಗೆ ಹೊರಡಬೇಡಿ.

ಮೊದಲ ಸಲಕ್ಕೆ ನಾನು ಹೇಳುವುದು ರೇಗನ್ಸ್‌ಬುರ್ಗ್. ಮ್ಯೂನಿಕ್‌ನಿಂದ ಸುಮಾರು ಒಂದೂವರೆ ಗಂಟೆ, ರೈಲು ಬದಲಾಯಿಸುವ ಗೋಜಿಲ್ಲ. ನಿಲ್ದಾಣದಿಂದ ಹಳೆಯ ಊರಿಗೆ ನಡೆದೇ ಹೋಗಬಹುದು. ಡ್ಯಾನ್ಯೂಬ್ ನದಿಯ ಮೇಲೆ 12ನೇ ಶತಮಾನದ ಕಲ್ಲಿನ ಸೇತುವೆ ಇದೆ. ಅದರ ನಡುವೆ ನಿಂತರೆ ಕಮಾನುಗಳ ಕೆಳಗೆ ನೀರು ಸುಳಿ ಸುತ್ತಿಕೊಂಡು ನುಗ್ಗುವುದು ಕಾಣುತ್ತದೆ. ನಮ್ಮ ಶ್ರೀರಂಗಪಟ್ಟಣದ ಕಾವೇರಿ ನೆನಪಾದರೆ ಅಲ್ಲೇ ಹತ್ತು ನಿಮಿಷ ನಿಂತುಕೊಳ್ಳಿ.

ಎರಡನೆಯದಕ್ಕೆ ಪಾಸೌ. ಡ್ಯಾನ್ಯೂಬ್, ಇನ್, ಇಲ್ಸ್ ಮೂರು ನದಿ ಸೇರುವ ಊರು. ನೀರಿನ ಬಣ್ಣ ಬೇರೆ ಬೇರೆ ಇರುವುದು ಕಣ್ಣಿಗೇ ಕಾಣುತ್ತದೆ.

ದೇಶ ದಾಟುವ ಆಸೆಯಿದ್ದರೆ ಸಾಲ್ಜ್‌ಬರ್ಗ್. ಅದು ಆಸ್ಟ್ರಿಯಾದಲ್ಲಿದ್ದರೂ ಅಲ್ಲಿನ ಮುಖ್ಯ ನಿಲ್ದಾಣದ ತನಕ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ. ಎರಡು ಗಂಟೆಯೊಳಗಿನ ದಾರಿ. ನಿಲ್ದಾಣದಿಂದ ಆಚೆ ಊರ ಬಸ್ಸಿಗೆ ಮಾತ್ರ ನಡೆಯುವುದಿಲ್ಲ. ಇಪ್ಪತ್ತೈದು ನಿಮಿಷ ನಡೆದರೆ ಹಳೆಯ ಊರು ಬರುತ್ತದೆ. ಜರ್ಮನಿಯ ಪಶ್ಚಿಮದಲ್ಲಿ ಇರುವವರಿಗೆ ಟ್ರಿಯರ್ ಮೂಲಕ ಲಕ್ಸೆಂಬರ್ಗ್ ಇದೆ. ಗಡಿಯ ತನಕ ನಿಮ್ಮ ಪಾಸ್, ಆಚೆಗೆ 2020ರಿಂದ ಆ ದೇಶದ ರೈಲು (ಎರಡನೇ ದರ್ಜೆ), ಬಸ್, ಟ್ರಾಮ್ ಎಲ್ಲ ಎಲ್ಲರಿಗೂ ಉಚಿತ.

ನಾಯ್‌ಶ್ವಾನ್‌ಸ್ಟೈನ್ ಕೋಟೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಹೋಗಿ. ಆದರೆ ಒಳಗೆ ಹೋಗಲು ಗಂಟೆ, ನಿಮಿಷ ನಮೂದಿಸಿದ ಟಿಕೆಟ್ ಬೇಕು, ಗೈಡ್ ಜೊತೆಯಲ್ಲೇ ಬಿಡುವುದು. ಬೇಸಿಗೆಯ ಶನಿವಾರಕ್ಕೆ ಅಲ್ಲಿ ಹೋಗಿ ಕೊಳ್ಳುತ್ತೇನೆ ಅಂದರೆ ಸಿಗುವುದು ಕಷ್ಟ. ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಿ. ಫ್ಯೂಸೆನ್ ನಿಲ್ದಾಣದಲ್ಲಿ ಇಳಿದು, ಬಸ್ ಹಿಡಿದು, ಆಮೇಲೆ ಮುಕ್ಕಾಲು ಗಂಟೆ ಏರು ಹತ್ತಬೇಕು. ರೈಲು ಮುಟ್ಟುವ ಹೊತ್ತಿಗೂ ಕೋಟೆಯ ಟಿಕೆಟ್ಟಿಗೂ ನಡುವೆ ಎರಡು ಗಂಟೆ ಬಿಡುವು ಇಡಿ. ಹೊತ್ತು ಮೀರಿದರೆ ಒಳಗೆ ಬಿಡುವುದಿಲ್ಲ.

4. ವಾಪಸ್ ಬರುವ ದಾರಿಯನ್ನು ಬರೆದಿಟ್ಟುಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ. ಗುರುವಾರ ಸಂಜೆ ಕೂತು ಒಂದು ಚೀಟಿಯಲ್ಲಿ ಮೂರು ಹೊತ್ತು ಬರೆಯಿರಿ: ನೀವು ಹಿಡಿಯಬೇಕೆಂದಿರುವ ರೈಲು, ಅದರ ನಂತರದ್ದು, ಆ ದಿನದ ಕೊನೆಯದ್ದು. ಕೊನೆಯ ರೈಲನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ. ಅದಕ್ಕಿಂತ ಕನಿಷ್ಠ ಎರಡು ರೈಲು ಮೊದಲಿನದ್ದು ನಿಮ್ಮ ರೈಲು.

ಸಣ್ಣ ಊರುಗಳಲ್ಲಿ ಭಾನುವಾರದ ಬಸ್ ವೇಳಾಪಟ್ಟಿಯೇ ಬೇರೆ. ಶನಿವಾರ ಗಂಟೆಗೊಂದಿದ್ದ ಬಸ್ ಭಾನುವಾರ ದಿನಕ್ಕೆ ಮೂರೇ ಇರಬಹುದು. ಆ್ಯಪ್‌ನಲ್ಲಿ ಹುಡುಕುವಾಗ ತಾರೀಖು ಭಾನುವಾರದ್ದೇ ಹಾಕಿ. ಶುಕ್ರವಾರ ನೋಡಿ "ಬಸ್ ಬೇಕಾದಷ್ಟಿವೆ" ಅಂದುಕೊಳ್ಳುವುದು ಸಾಮಾನ್ಯ ತಪ್ಪು.

ಕ್ಯೋನಿಗ್ಸ್‌ಸೇ ಸರೋವರಕ್ಕೆ ಹೋಗುವವರು ಇನ್ನೂ ಎಚ್ಚರ. ಬೆರ್ಖ್ಟೆಸ್‌ಗಾಡೆನ್ ಹತ್ತಿರ, ಕಡಿದಾದ ಬೆಟ್ಟಗಳ ನಡುವಿನ ನೀರು. 1909ರಿಂದಲೂ ಅಲ್ಲಿ ಕರೆಂಟಿನ ದೋಣಿಗಳೇ ಓಡುತ್ತವೆ, ಹಾಗಾಗಿ ಸದ್ದೇ ಇಲ್ಲ. ನಡುವೆ ದೋಣಿ ನಿಲ್ಲಿಸಿ ತುತ್ತೂರಿ ಊದುತ್ತಾರೆ. ಸ್ವರ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಆದರೆ ಆಚೆ ದಡದ ಸೇಂಟ್ ಬಾರ್ಥೊಲೊಮೆಗೆ ರಸ್ತೆಯಿಲ್ಲ. ಕೊನೆಯ ದೋಣಿ ತಪ್ಪಿದರೆ ಊರಿಗೆ ಬರುವ ಸುಲಭದ ದಾರಿ ಇಲ್ಲ. ಇಳಿದ ತಕ್ಷಣ ದೋಣಿಕಟ್ಟೆಯ ಫಲಕದಲ್ಲಿ ಕೊನೆಯ ದೋಣಿಯ ಹೊತ್ತು ನೋಡಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಬೆಟ್ಟದ ಫೋಟೋ.

ಡಿಸೆಂಬರ್‌ನಲ್ಲಿ ಮ್ಯೂನಿಕ್ ಕಡೆ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ನಮ್ಮ ಮೈಗೆ ಈ ಲೆಕ್ಕ ಒಗ್ಗಲು ಒಂದು ವರ್ಷ ಬೇಕು. ಇನ್ನೊಂದು, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ ಯುರೋಪಿನ ಹೆಚ್ಚಿನ ದೇಶಗಳಲ್ಲಿ ಗಡಿಯಾರ ಬದಲಾಗುತ್ತದೆ. ಮಾರ್ಚ್‌ನಲ್ಲಿ ಒಂದು ಗಂಟೆ ಮಾಯ. ಫೋನ್ ತಾನಾಗಿ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ.

5. ಸರಿಯಾದ ಬೋಗಿ ಹತ್ತಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಲ್ಲಿ ಕೆಲವು ರೈಲುಗಳು ದಾರಿಯಲ್ಲಿ ಎರಡಾಗುತ್ತವೆ. ಮ್ಯೂನಿಕ್‌ನಿಂದ ದಕ್ಷಿಣದ ಸರೋವರಗಳ ಕಡೆಗೆ ಹೋಗುವ ರೈಲನ್ನೇ ತೆಗೆದುಕೊಳ್ಳಿ. ಹೊರಡುವಾಗ ಒಂದೇ ಉದ್ದದ ರೈಲು. ಹೋಲ್ಟ್ಸ್‌ಕಿರ್ಶೆನ್‌ನಲ್ಲಿ ಒಂದು ಭಾಗ ಕಳಚಿಕೊಂಡು ಶ್ಲಿಯರ್‌ಸೇ ಕಡೆಗೆ ಹೋಗುತ್ತದೆ. ಉಳಿದದ್ದು ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಎರಡಾಗಿ ಒಂದು ಟೇಗರ್ನ್‌ಸೇಗೆ, ಇನ್ನೊಂದು ಲೆಂಗ್ರೀಸ್‌ಗೆ. ನೀವು ಸೀಟು ಸಿಕ್ಕಿತು ಅಂತ ತಪ್ಪು ಭಾಗದಲ್ಲಿ ಕೂತರೆ ಬೇರೆಯೇ ಸರೋವರಕ್ಕೆ ಮುಟ್ಟುತ್ತೀರಿ.

ಹತ್ತುವ ಮುಂಚೆ ಬೋಗಿಯ ಹೊರಬದಿಯ ಪರದೆಯಲ್ಲಿ ಊರಿನ ಹೆಸರು ಓದಿ. ಪ್ಲಾಟ್‌ಫಾರ್ಮನ್ನು ಎ, ಬಿ, ಸಿ ಅಂತ ಭಾಗ ಮಾಡಿರುತ್ತಾರೆ, ಯಾವ ಭಾಗದಲ್ಲಿ ನಿಮ್ಮ ಬೋಗಿ ನಿಲ್ಲುತ್ತದೆ ಅಂತ ಬೋರ್ಡಿನಲ್ಲಿರುತ್ತದೆ. ಲೋಕಲ್ ರೈಲಿನಲ್ಲಿ ಎಷ್ಟೋ ಸಲ ಘೋಷಣೆ ಜರ್ಮನ್‌ನಲ್ಲಿ ಮಾತ್ರ. ಈ ಪದಗಳು ಕಿವಿಗೆ ಪಳಗಿರಲಿ:

ಗ್ಲೈಸ್ ಅಂದರೆ ಪ್ಲಾಟ್‌ಫಾರ್ಮ್. "ಹಾಯ್ಟೆ ಫಾನ್ ಗ್ಲೈಸ್" ಅಂದರೆ ಇವತ್ತು ಬೇರೆ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ. ಕೇಳಿದ ಕೂಡಲೇ ಬ್ಯಾಗ್ ಎತ್ತಿಕೊಳ್ಳಿ. "ಫೆಲ್ಟ್ ಔಸ್" ಅಂದರೆ ರೈಲು ರದ್ದು. "ಫೋರ್ಡರರ್ ತ್ಸೂಗ್‌ಟೈಲ್" ಮುಂದಿನ ಭಾಗ, "ಹಿಂಟರರ್" ಹಿಂದಿನದ್ದು. ಎಸ್‌ಇವಿ ಅಂತ ಕಂಡರೆ ಹಳಿ ರಿಪೇರಿ ನಡೆಯುತ್ತಿದೆ, ರೈಲಿನ ಬದಲು ಬಸ್ ಬಿಟ್ಟಿದ್ದಾರೆ ಅಂತ. ರಿಪೇರಿ ಕೆಲಸ ವಾರಾಂತ್ಯದಲ್ಲೇ ಜಾಸ್ತಿ. ಆ ಬಸ್ ನಿಲ್ದಾಣದ ಹಿಂಬದಿಯಲ್ಲೋ ಪಕ್ಕದ ಬೀದಿಯಲ್ಲೋ ನಿಲ್ಲುತ್ತದೆ. ಅದನ್ನು ಹುಡುಕಲು ಹದಿನೈದು ನಿಮಿಷ ಇಟ್ಟುಕೊಳ್ಳಿ.

6. ದೂರದ ಊರಾದರೆ

ಐಸಿಇಯಂಥ ವೇಗದ ರೈಲಿಗೆ ಮೊದಲೇ ಕೊಂಡರೆ ಅಗ್ಗ. ಅತಿ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ, ರದ್ದು ಮಾಡಿದರೆ ದುಡ್ಡು ಬರುವುದಿಲ್ಲ. ಅಂಥ ಟಿಕೆಟ್ ಇದ್ದು, ರೈಲು ತಡವಾಗಿ ನಿಮ್ಮ ಊರಿಗೆ 20 ನಿಮಿಷಕ್ಕಿಂತ ಹೆಚ್ಚು ತಡವಾಗಿ ಮುಟ್ಟುವುದು ಖಚಿತವಾದರೆ ಬೇರೆ ರೈಲು ಹತ್ತಬಹುದು. 60 ನಿಮಿಷ ತಡವಾದರೆ ಟಿಕೆಟ್ ದುಡ್ಡಿನ ಕಾಲು ಭಾಗ, 120 ನಿಮಿಷಕ್ಕೆ ಅರ್ಧ ವಾಪಸ್ ಕೇಳಬಹುದು. ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು. ನಾಚಿಕೊಳ್ಳಬೇಡಿ, ಅದು ನಿಮ್ಮ ಹಕ್ಕು.

ಇಲ್ಲೊಂದು ಸೂಕ್ಷ್ಮ ಇದೆ. ನಿಮ್ಮ ಪಾಸಿನಲ್ಲಿ ಲೋಕಲ್ ರೈಲು ಹಿಡಿದು ಐಸಿಇ ಹೊರಡುವ ಊರಿಗೆ ಹೋಗುತ್ತೀರಿ ಅಂದುಕೊಳ್ಳಿ. ಲೋಕಲ್ ತಡವಾಗಿ ಐಸಿಇ ತಪ್ಪಿದರೆ ಅದು ನಿಮ್ಮ ನಷ್ಟ, ಯಾಕಂದರೆ ಎರಡೂ ಬೇರೆ ಬೇರೆ ಟಿಕೆಟ್. ಶುರುವಿನಿಂದ ಕೊನೆಯ ತನಕ ಒಂದೇ ಬುಕಿಂಗ್‌ನಲ್ಲಿ ಕೊಂಡರೆ ಈ ಹಕ್ಕು ಉಳಿಯುತ್ತದೆ. ಇಲ್ಲವಾದರೆ ನಡುವೆ ಒಂದು ಗಂಟೆ ಬಿಡಿ.

ಅಗ್ಗದ ವಿಮಾನ ಕಂಡರೆ ನಿಲ್ದಾಣ ಎಲ್ಲಿದೆ ಅಂತ ನಕ್ಷೆಯಲ್ಲಿ ನೋಡಿ. "ಮ್ಯೂನಿಕ್ ವೆಸ್ಟ್" ಅಂತ ಕರೆಸಿಕೊಂಡ ಮೆಮ್ಮಿಂಗನ್ ಮ್ಯೂನಿಕ್‌ನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಫ್ರಾಂಕ್‌ಫರ್ಟ್ ಹಾನ್ ಕೂಡ ಹಾಗೆಯೇ. ಹೋಗಿ ಬರುವ ಬಸ್ಸಿನ ದುಡ್ಡು, ಬ್ಯಾಗಿನ ದುಡ್ಡು ಸೇರಿಸಿದ ಮೇಲೆ ಅಗ್ಗವಾ ಅಂತ ತೀರ್ಮಾನಿಸಿ. ಭಾರತದ ಪಾಸ್‌ಪೋರ್ಟ್ ಇರುವವರು ಕೆಲವು ವಿಮಾನಗಳಿಗೆ ಮೊದಲು ಕೌಂಟರಿನಲ್ಲಿ ಕಾಗದಪತ್ರ ತೋರಿಸಬೇಕು. ಬೇಗ ಹೋಗಿ.

7. ರಾತ್ರಿ ಉಳಿಯುವುದು, ಊಟ

ಹಾಸ್ಟೆಲ್ ಬುಕ್ ಮಾಡುವಾಗ ಅಡುಗೆಮನೆ ಇದೆಯಾ ನೋಡಿ. ಲಾಕರ್‌ಗೆ ಬೀಗ ನೀವೇ ಒಯ್ಯಿರಿ. ಹಾಸಿಗೆ ಹೊದಿಕೆಗೆ ಬೇರೆ ದುಡ್ಡು, ಊರಿನ ತೆರಿಗೆ ಬೇರೆ ಅಂತ ಕೆಲವು ಕಡೆ ಇರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಅಕ್ಟೋಬರ್‌ಫೆಸ್ಟ್ ಅನ್ನುವ ಬಿಯರ್ ಜಾತ್ರೆಯ ಹೊತ್ತಿಗೆ ಮ್ಯೂನಿಕ್‌ನಲ್ಲಿ ದರ ವಿಪರೀತ ಏರುತ್ತದೆ. ಆಗ ಮ್ಯೂನಿಕ್ ನೋಡಲು ಬರಬೇಡಿ.

ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ. ಸೂಪರ್ ಮಾರ್ಕೆಟ್ಟೂ ಇಲ್ಲ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ, ಬೆಳಗ್ಗೆ ಕೆಲವು ಬೇಕರಿ ಮಾತ್ರ. ಶನಿವಾರವೇ ಬ್ರೆಡ್, ಹಣ್ಣು ತೆಗೆದುಕೊಂಡುಬಿಡಿ. ನಾನು ಒಯ್ಯುತ್ತಿದ್ದದ್ದು ಒಂದು ಡಬ್ಬಿ ಪುಳಿಯೋಗರೆ ಗೊಜ್ಜು, ಒಂದು ಪೊಟ್ಟಣ ಅಕ್ಕಿ. ಹಾಸ್ಟೆಲಿನ ಒಲೆಯಲ್ಲಿ ಅನ್ನ ಮಾಡಿ ಕಲಸಿಕೊಂಡರೆ ರಾತ್ರಿಗೂ ಆಯಿತು, ಮಾರನೆಯ ದಿನ ರೈಲಿಗೂ ಆಯಿತು. ಅಡುಗೆಮನೆ ಇಲ್ಲದಿದ್ದರೆ ಒಗ್ಗರಣೆ ಹಾಕಿದ ಅವಲಕ್ಕಿ, ಚಪಾತಿ, ಚಟ್ನಿಪುಡಿ. ಸಸ್ಯಾಹಾರಿಗಳು ಹೊರಗೆ ತಿನ್ನುವಾಗ "ಶ್ಪೆಕ್" ಅನ್ನುವ ಪದ ನೋಡಿಕೊಳ್ಳಿ, ಅದು ಹಂದಿಮಾಂಸ. ಆಲೂಗಡ್ಡೆ ಪಲ್ಯದಂತೆ ಕಾಣುವುದರಲ್ಲೂ ಸಣ್ಣ ತುಂಡಾಗಿ ಹಾಕಿರುತ್ತಾರೆ.

ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಬಾಟಲಿ ಕೊಂಡರೆ ಎಸೆಯಬೇಡಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಮೇಲೆ 25 ಸೆಂಟ್ ಪ್‌ಫಾಂಡ್, ಅಂದರೆ ಠೇವಣಿ ಇರುತ್ತದೆ. ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ. ನಾಲ್ಕು ಬಾಟಲಿಗೆ ಒಂದು ಯೂರೋ, ನಿಲ್ದಾಣದ ಶೌಚಾಲಯಕ್ಕೆ ಒಂದು ಸಲ ಹೋಗುವ ದುಡ್ಡು.

8. ದುಡ್ಡು, ಫೋನ್, ಆರೋಗ್ಯ

ನಿಮ್ಮ ಬ್ಲಾಕ್ಡ್ ಖಾತೆಯಿಂದ (ವೀಸಾಗೆಂದು ಮೊದಲೇ ಕಟ್ಟಿದ ಹಣ ತಿಂಗಳಿಗಿಷ್ಟು ಅಂತ ಬರುವ ಖಾತೆ) ಬರುವುದು 992 ಯೂರೋ. ಮ್ಯೂನಿಕ್‌ನಂಥ ಊರಿನಲ್ಲಿ ಬಾಡಿಗೆಯೇ ಅದರ ದೊಡ್ಡ ಪಾಲು ತಿನ್ನುತ್ತದೆ. ಪಾಸಿನಲ್ಲಿ ಹೋಗಿ, ಬುತ್ತಿ ಒಯ್ದರೆ ಒಂದು ದಿನದ ತಿರುಗಾಟ 15–20 ಯೂರೋದಲ್ಲಿ ಮುಗಿಯುತ್ತದೆ. ತಿಂಗಳಿಗೆ ಎರಡು ಅಂಥದ್ದು, ಸೆಮಿಸ್ಟರ್‌ಗೆ ಒಂದು ದೂರದ್ದು. ಅಪ್ಪ ಅಮ್ಮ ಸಾಲ ಮಾಡಿ ಕಳಿಸಿದ್ದರೂ ಇಷ್ಟನ್ನು ಮನಸ್ಸಿಗೆ ಚುಚ್ಚದೆ ಮಾಡಬಹುದು, ಮಾಡಲೇಬೇಕು ಅನ್ನುತ್ತೇನೆ. ರೂಮು, ಲ್ಯಾಬು, ರೂಮು ಅಂತ ಇಡೀ ಚಳಿಗಾಲ ಕಳೆದವರು ಕುಗ್ಗಿಹೋಗುವುದನ್ನು ನೋಡಿದ್ದೇನೆ.

ನಿಮಗೆ 26 ತುಂಬಿಲ್ಲವಾದರೆ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಉಚಿತ ಪ್ರವೇಶ ಇದೆ. ಜರ್ಮನಿಯ ವಾಸದ ಕಾರ್ಡ್ ತೋರಿಸಬೇಕು. ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್ ಅನ್ನುವ ಚಿತ್ರಕಲೆಯ ಮ್ಯೂಸಿಯಂಗೆ ಭಾನುವಾರ ಒಂದೇ ಯೂರೋ.

ಜರ್ಮನ್ ಸಿಮ್ ಯುರೋಪಿಯನ್ ಯೂನಿಯನ್‌ನಲ್ಲಿ ಎಲ್ಲ ಕಡೆ ಅದೇ ದರದಲ್ಲಿ ನಡೆಯುತ್ತದೆ. ಸ್ವಿಟ್ಜರ್‌ಲೆಂಡ್ ಅದರಲ್ಲಿ ಸೇರಿಲ್ಲ. ಕಾನ್‌ಸ್ಟಾನ್ಸ್ ಊರಿನ ಸರೋವರದ ದಡದಲ್ಲಿ ಜರ್ಮನಿಯಲ್ಲೇ ನಿಂತಿದ್ದರೂ ಫೋನ್ ಆಚೆ ದೇಶದ ಟವರ್ ಹಿಡಿಯಬಹುದು. ಅಲ್ಲಿ ರೋಮಿಂಗ್ ಆಫ್ ಮಾಡಿ. ಚೆಕ್ ದೇಶದಲ್ಲಿ ಕೊರುನಾ, ಪೋಲೆಂಡ್‌ನಲ್ಲಿ ಜ್ಲೊಟಿ, ಹಂಗೇರಿಯಲ್ಲಿ ಫೋರಿಂಟ್ ನಡೆಯುತ್ತದೆ. ಕಾರ್ಡ್ ಯಂತ್ರ "ಯೂರೋದಲ್ಲಿ ಕಟ್ಟುತ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ, ಅಲ್ಲಿನ ಹಣದಲ್ಲೇ ಕಟ್ಟಿ. ಯಂತ್ರದ ವಿನಿಮಯ ದರ ನಿಮಗೆ ನಷ್ಟ.

ಸರ್ಕಾರಿ ಆರೋಗ್ಯ ವಿಮೆ ಇದ್ದರೆ ಕಾರ್ಡ್ ತಿರುಗಿಸಿ ನೋಡಿ. ಹಿಂಬದಿಯಲ್ಲೇ ಯುರೋಪ್ ವಿಮೆಯ ಕಾರ್ಡ್ ಇದೆ, ಯೂನಿಯನ್‌ನ ಪಕ್ಕದ ದೇಶಗಳಲ್ಲಿ ತುರ್ತು ಚಿಕಿತ್ಸೆಗೆ ನಡೆಯುತ್ತದೆ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸ್ವಿಟ್ಜರ್‌ಲೆಂಡ್, ಡೆನ್ಮಾರ್ಕ್‌ನಲ್ಲಿ ನಡೆಯುವುದಿಲ್ಲ. ಖಾಸಗಿ ವಿಮೆಯವರು ತಮ್ಮ ಕಂಪನಿಯನ್ನು ಕೇಳಬೇಕು. ತುರ್ತು ಸಂಖ್ಯೆ 112.

9. ಏನಾದರೂ ಎಡವಟ್ಟಾದರೆ

ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಆಮೇಲೆ ಭಾರತದ ರಾಯಭಾರ ಕಚೇರಿ. ಜರ್ಮನಿಯಲ್ಲಿ ಬರ್ಲಿನ್ ಜೊತೆಗೆ ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ಗಳಲ್ಲೂ ನಮ್ಮ ಕಚೇರಿಗಳಿವೆ.

ಹೊರಡುವ ಮುಂಚೆ ಚೀಟಿಯ ಫೋಟೋವನ್ನು ರೂಮ್‌ಮೇಟ್‌ಗೆ ಕಳಿಸಿ. ಮನೆಗೂ ಒಂದು ಮೆಸೇಜ್ ಹಾಕಿ, ಆದರೆ ವೇಳೆ ನೆನಪಿರಲಿ: ಚಳಿಗಾಲದಲ್ಲಿ ಊರಿನ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ. ನೀವು ರಾತ್ರಿ ಹತ್ತಕ್ಕೆ ರೂಮು ಮುಟ್ಟಿ "ಬಂದೆ" ಅನ್ನುವಾಗ ಅಲ್ಲಿ ಎರಡೂವರೆ, ಅಮ್ಮ ಎದ್ದೇ ಕೂತಿರುತ್ತಾಳೆ. ಅದಕ್ಕೇ ಚೀಟಿಯಲ್ಲಿ ಬರೆದ ಮೊದಲ ರೈಲನ್ನೇ ಹಿಡಿಯಿರಿ.